ಕಾದುವ ಸರದಿ ಯಾರದು?

ಶ್ರವಣಬೆಳಗೊಳಕ್ಕೆ ಹೋದವರು ಬೆಟ್ಟ ಹತ್ತಿ ಗೊಮ್ಮಟನನ್ನು ಕಣ್ತುಂಬಿಕೊಂಡು ಇಳಿದುಬಿಡುತ್ತಾರೆ. ಅದೇ ಊರಿನ ಹತ್ತನೆಯ ಶತಮಾನದ ವೀರಗಲ್ಲೊಂದರ ಮೇಲೆ ಒಬ್ಬ ಹೆಣ್ಣುಮಗಳಿದ್ದಾಳೆ. ಕುದುರೆ ಏರಿದ್ದಾಳೆ, ಕತ್ತಿ ಎತ್ತಿದ್ದಾಳೆ. ಎದುರಿಗೆ ಆನೆಯ ಮೇಲೆ ಕುಳಿತ ಗಂಡಸು. ಅವಳ ಹೆಸರು ಸಾವಿಯಬ್ಬೆ, ಲೋಕವಿದ್ಯಾಧರನೆಂಬ ಯೋಧನ ಹೆಂಡತಿ. ಗಂಡನ ಜೊತೆ ಕಾಳಗಕ್ಕೆ ಹೋದವಳು ಅಲ್ಲೇ ಕಾದಿ ಮಡಿದಳು.

ಕಲ್ಲುಕುಟಿಗ ಕಂಡದ್ದನ್ನು ಕಂಡಂತೆ ಕೆತ್ತಿದ್ದಾನೆ. ಅದೇ ಕಲ್ಲಿನ ಬರಹ ಬೇರೆ ದಾರಿ ಹಿಡಿಯುತ್ತದೆ. ಅವಳನ್ನು ಹೊಗಳಲು ಹೊರಟ ಶಾಸನಕವಿ ಹೋಲಿಕೆಗೆ ಹುಡುಕಿದ್ದು ರೇವತಿಯನ್ನು, ಸೀತೆಯನ್ನು, ದೇವಕಿಯನ್ನು, ಅರುಂಧತಿಯನ್ನು. ಶ್ರದ್ಧೆ, ಶೀಲ, ರೂಪ, ಪತಿಭಕ್ತಿ ಎಲ್ಲಕ್ಕೂ ಒಬ್ಬೊಬ್ಬಳು ಸಿಕ್ಕಿದ್ದಾಳೆ. ಆನೆಯ ಮೇಲಿದ್ದವನಿಗೆ ಎದುರಾಗಿ ಕತ್ತಿ ಎತ್ತಿದ ಧೈರ್ಯಕ್ಕೆ ಹೋಲಿಕೆಯಾಗಿ ಯಾರೂ ಸಿಕ್ಕಿಲ್ಲ. ಗಂಡಸಾಗಿದ್ದರೆ ಭೀಮನೋ ಅರ್ಜುನನೋ ಕರ್ಣನೋ ತಟ್ಟನೆ ಬಂದು ನಿಲ್ಲುತ್ತಿದ್ದರು. ಕಾದುವ ಹೆಣ್ಣು ಆ ಕವಿಯ ಕಣ್ಣೆದುರೇ ಇದ್ದಳು, ಅವಳನ್ನು ಇಡುವ ಜಾಗ ಮಾತ್ರ ಅವನ ಮಾತಿನಲ್ಲಿ ಇರಲಿಲ್ಲ.

ಯುದ್ಧದಲ್ಲಿ ಹೆಂಗಸರು ಕಾದಿದರೇ ಎಂಬ ಪ್ರಶ್ನೆಯನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಕಾದಿದರು ಎಂಬ ಉತ್ತರ ಬಹಳ ಹಳೆಯದು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ: ಕಾದಲೇಬೇಕು ಎಂಬ ಹೊರೆ ಯಾರ ಮೇಲಿತ್ತು, ಅದನ್ನು ಹೊರಿಸಿದವರು ಯಾರು, ಹೊತ್ತವರಿಗೂ ಹೊರದವರಿಗೂ ಊರು ಏನು ಕೊಟ್ಟಿತು? ಇದನ್ನು ತಿಳಿಯಲು ಕನ್ನಡನಾಡಿನಷ್ಟು ಒಳ್ಳೆಯ ಜಾಗ ಕಡಿಮೆ. ರಾಜರ ಚರಿತ್ರೆ ಎಲ್ಲ ಕಡೆ ಸಿಗುತ್ತದೆ. ಊರಿನ ದನ ಕಾಯಲು ಹೋಗಿ ಸತ್ತವನ ಹೆಸರೂ, ಸತ್ತ ಕಾರಣವೂ, ಅವನ ಮನೆಗೆ ಸಿಕ್ಕ ಹೊಲವೂ ಕಲ್ಲಿನ ಮೇಲೆ ಉಳಿದಿರುವುದು ಇಲ್ಲಿ, ಸಾವಿರಾರು ಊರುಗಳ ಅಂಚಿನಲ್ಲಿ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಹೋರಾಟ: ಬಿಲ್ಲು ಹಿಡಿದವನು, ಬಿದ್ದವರು, ಓಡುವ ದನಗಳು. ನಡುವೆ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಶಿವಲಿಂಗದ ಮುಂದೆಯೋ ಜಿನನ ಮುಂದೆಯೋ ಅವನು ಕುಳಿತಿದ್ದಾನೆ. ತುದಿಯಲ್ಲಿ ಸೂರ್ಯ ಚಂದ್ರ. ಅವು ಇರುವ ತನಕ ಈ ಹೆಸರೂ ಇರಲಿ ಎಂಬ ಹಾರೈಕೆ.

ಕೆಲವು ಕಾಳಗಗಳು ದೊಡ್ಡವು. ಬೇಗೂರಿನ ಸುಮಾರು ಕ್ರಿ.ಶ. 890ರ ಶಾಸನದಲ್ಲಿ ಬೆಂಗಳೂರ ಕಾಳಗದ ಉಲ್ಲೇಖವಿದೆ. ಬೆಂಗಳೂರು ಎಂಬ ಹೆಸರು ನಮಗೆ ಸಿಗುವ ಅತಿ ಹಳೆಯ ದಾಖಲೆಗಳಲ್ಲಿ ಅದೂ ಒಂದು. ಅಂದರೆ ಈ ಮಹಾನಗರದ ಹೆಸರು ಮೊದಮೊದಲಿಗೆ ಕಾಣಿಸಿಕೊಳ್ಳುವುದು ಒಬ್ಬನ ಸಾವಿನ ಸುದ್ದಿಯಲ್ಲಿ. ಹೆಚ್ಚಿನ ಕಾಳಗಗಳು ಸಣ್ಣವು. ಶಾಸನಗಳು ಅವನ್ನು ಕಾರಣದ ಪ್ರಕಾರ ಕರೆಯುತ್ತವೆ. ತುರುಗೋಳ್ ಅಂದರೆ ದನ ಹೊಡೆದುಕೊಂಡು ಹೋದಾಗ ನಡೆದದ್ದು. ಊರಳಿವು ಅಂದರೆ ಊರನ್ನೇ ಸುಟ್ಟು ಸೂರೆ ಮಾಡಿದಾಗ ನಡೆದದ್ದು. ಪೆಣ್ಬುಯ್ಯಲ್ ಅಂದರೆ ಊರ ಹೆಂಗಸರನ್ನು ಹಿಡಿದೊಯ್ಯುವಾಗ, ಅವರ ಮೈಮೇಲೆ ಕೈಹಾಕುವಾಗ ಎದ್ದ ಕೂಗಿಗೆ ಓಡಿಬಂದು ಸತ್ತದ್ದು.

ಈ ಪಟ್ಟಿಯಲ್ಲಿ ಹೆಣ್ಣು ಎಲ್ಲಿದ್ದಾಳೆ ಎಂಬುದನ್ನು ಗಮನಿಸಬೇಕು. ದನದ ಸಾಲಿನಲ್ಲಿದ್ದಾಳೆ. ಹೊಡೆದುಕೊಂಡು ಹೋಗಬಹುದಾದ್ದು, ಬಿಡಿಸಿಕೊಂಡು ಬರಬೇಕಾದ್ದು. ಅವಳಿಗಾಗಿ ಕಾದಬೇಕು, ಅವಳು ಕಾದಬೇಕಿಲ್ಲ. ಸೋತ ಊರಿನ ಗಂಡಸು ಸತ್ತರೆ ಅವನ ಸರದಿ ಅಲ್ಲಿಗೆ ಮುಗಿಯಿತು. ಸೋತ ಊರಿನ ಹೆಂಗಸಿನ ಯುದ್ಧ ಶುರುವಾಗುವುದೇ ಅಲ್ಲಿಂದ. ಅದನ್ನು ಯಾವ ಕುಟಿಗನೂ ಕೆತ್ತಲಿಲ್ಲ.

ಗಂಡಸಿನ ಮೇಲಿದ್ದ ಹೊರೆಯನ್ನು ನಾವು ಹಗುರವಾಗಿ ಕಾಣಬಾರದು. ಈ ಕಲ್ಲುಗಳ ಮೇಲಿರುವವರೆಲ್ಲ ಹುಟ್ಟಾ ಸೈನಿಕರಲ್ಲ. ಗಾವುಂಡನಿರುತ್ತಾನೆ, ಅವನ ಆಳಿರುತ್ತಾನೆ, ವ್ಯಾಪಾರಿ ಇರುತ್ತಾನೆ, ದನಗಾಹಿ ಇರುತ್ತಾನೆ. ಕೂಗು ಬಿದ್ದಾಗ ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿದ ಮಾಮೂಲಿ ಗಂಡಸರು ಇವರು. ಅವನಿಗೆ ಬಾಣ ಬಿಡಲು ಬರುತ್ತಿತ್ತೇ, ಮೈ ಸರಿಯಿತ್ತೇ, ಮನಸ್ಸಿತ್ತೇ ಎಂದು ಯಾರೂ ಕೇಳಿರಲಾರರು. ಓಡಿಹೋದವನಿಗೆ ಕಲ್ಲಿಲ್ಲ. ಹೆದರಿ ಅಟ್ಟದ ಮೇಲೆ ಅಡಗಿದವನ ಹೆಸರು ಎಲ್ಲಿಯೂ ಉಳಿದಿಲ್ಲ. ಅವನೂ ಮನುಷ್ಯನೇ ಆಗಿದ್ದ ಎಂದು ಈ ಕಲ್ಲುಗಳ ಮುಂದೆ ನಿಂತಾಗಲೆಲ್ಲ ನನಗೆ ಅನಿಸುತ್ತದೆ.

ಹೊರಿಸುವ ದಾರಿಗಳು ಹಲವು. ಒಂದು ಅನ್ನದ ಋಣ. ಒಡೆಯ ಜೋಳ ಅಳೆದುಕೊಟ್ಟಿದ್ದಾನೆ, ಅವನಿಗಾಗಿ ತಲೆ ಕೊಡಬೇಕು; ಇದಕ್ಕೆ ಜೋಳವಾಳಿ ಎಂದು ಹೆಸರು. ಇನ್ನೊಂದು ಪ್ರತಿಜ್ಞೆ. ಒಡೆಯ ಸತ್ತರೆ ತಾನೂ ಸಾಯುತ್ತೇನೆಂದು ಮಾತು ಕೊಡುವ ವೇಳೆವಾಳಿಗಳು, ಲೆಂಕರು, ಗರುಡರು ಇದ್ದರು. ಮೂರನೆಯದು ಸ್ವರ್ಗ. ಹಲವು ವೀರಗಲ್ಲುಗಳ ಮೇಲೆ ಒಂದೇ ಸಂಸ್ಕೃತ ಶ್ಲೋಕ ಮರುಕಳಿಸುತ್ತದೆ. ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣುಗಳು, ಈ ದೇಹ ಹೇಗೂ ಕ್ಷಣಿಕ, ರಣದಲ್ಲಿ ಸಾಯಲು ಚಿಂತೆಯೇಕೆ ಎಂಬುದು ಅದರ ತಾತ್ಪರ್ಯ. ಈ ಶ್ಲೋಕ ಬರೆದವನು ಕೇಳುವವನನ್ನು ಗಂಡಸೆಂದೇ ಎಣಿಸಿದ್ದಾನೆ. ಹೆಣ್ಣು ಅಲ್ಲಿ ಬಹುಮಾನ.

ನಾಲ್ಕನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು, ಭೂಮಿ. ಸತ್ತವನ ಮನೆಯವರಿಗೆ ಗದ್ದೆಯೋ ಹೊಲವೋ ಬಿಟ್ಟುಕೊಡುತ್ತಿದ್ದರು. ನೆತ್ತರುಗೊಡಗೆ, ಬಾಳ್ಗಚ್ಚು, ಕಲ್ನಾಡು ಎಂದೆಲ್ಲ ಶಾಸನಗಳು ಹೇಳುವುದು ಇಂಥ ಕೊಡುಗೆಗಳನ್ನೇ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಈ ವೀರಜಗತ್ತನ್ನು ಬಿಡಿಸಿಟ್ಟ ಮೇಲೆ ನಮ್ಮ ಓದು ಬದಲಾಯಿತು. ನೆಲವಿಲ್ಲದವನ ಮನೆಗೆ ನೆಲ ಬರಲು ಇದ್ದ ಕೆಲವೇ ದಾರಿಗಳಲ್ಲಿ ಸಾವೂ ಒಂದಾಗಿತ್ತು ಎಂಬುದು ಅರ್ಥವಾದಾಗ ವೀರಗಲ್ಲಿನ ಕೆಳಗಿನ ಹಂತ ಬೇರೆಯೇ ಆಗಿ ಕಾಣುತ್ತದೆ. ಆ ಬಿಲ್ಲು ಹಿಡಿದವನಿಗೆ ಹಿಂದೆ ಹೆಂಡತಿ ಮಕ್ಕಳಿದ್ದಾರೆ, ಅವರಿಗೆ ಎರಡು ಹೊತ್ತಿನ ಊಟವಾಗಬೇಕು.

ಆತಕೂರಿನ ಕಲ್ಲನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಆ ಶಾಸನ ಕ್ರಿ.ಶ. 949-50ರದು. ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಗಂಗರ ಬೂತುಗನ ಬಂಟ ಮಣಲೆರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಂದಿಗೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ನಡೆಯಬೇಕೆಂದು ಬರೆಸಿದರು. ನಾಯಿಯ ಧೈರ್ಯವನ್ನೂ ಗುರುತಿಸಿ ಗೌರವಿಸುವಷ್ಟು ವಿಶಾಲವಾಗಿತ್ತು ಆ ಸಮಾಜದ ಕಣ್ಣು. ಅದೇ ಸಮಾಜ ಹೆಣ್ಣಿನ ಧೈರ್ಯವನ್ನು ಬಹುಪಾಲು ಒಂದೇ ಕಡೆ ಹುಡುಕಿತು: ಚಿತೆಯಲ್ಲಿ.

ಮಾಸ್ತಿಕಲ್ಲು ಕನ್ನಡಿಗರಿಗೆ ಅಪರಿಚಿತವಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ಎಂಬ ಊರಿನ ಹೆಸರೇ ಅಲ್ಲಿಂದ ಬಂದದ್ದು, ಆ ಊರಿನ ಹೆಸರಿನಿಂದಲೇ ನಮ್ಮ ಒಬ್ಬ ದೊಡ್ಡ ಕತೆಗಾರರು ಪ್ರಸಿದ್ಧರಾದರು. ಕಲ್ಲಿನ ಮೇಲೆ ಒಂದು ಕಂಬ, ಕಂಬದಿಂದ ಹೊರಚಾಚಿದ ಬಲಗೈ, ಕೈತುಂಬ ಬಳೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಬಳೆ ಒಡೆದಿಲ್ಲ, ಅಂದರೆ ಅವಳು ವಿಧವೆಯಾಗಲಿಲ್ಲ. ಹಲವು ಕಡೆ ವೀರಗಲ್ಲೂ ಮಾಸ್ತಿಕಲ್ಲೂ ಒಂದೇ ಕಲ್ಲಾಗಿವೆ. ಕೆಳಗೆ ಅವನು ಕಾದುತ್ತಾನೆ, ಪಕ್ಕದಲ್ಲಿ ಅವಳ ಕೈ ಎದ್ದಿದೆ, ಮೇಲೆ ಇಬ್ಬರೂ ಒಟ್ಟಿಗೆ ಕುಳಿತಿದ್ದಾರೆ. ಹಂಚಿಕೆ ಇಷ್ಟು ಸ್ಪಷ್ಟ. ಅವನ ಪಾಲಿಗೆ ಕಬ್ಬಿಣ, ಅವಳ ಪಾಲಿಗೆ ಬೆಂಕಿ.

ಎಲ್ಲರೂ ಇದನ್ನು ಒಪ್ಪಿ ತಲೆಯಾಡಿಸಿದರು ಎಂದುಕೊಳ್ಳುವುದೂ ತಪ್ಪು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ ದೇಕಬ್ಬೆಯ ಕತೆ ಹೇಳುತ್ತದೆ. ಅವಳ ಗಂಡ ಏಚ ಸತ್ತದ್ದು ಯುದ್ಧದಲ್ಲಲ್ಲ, ರಾಜನ ನೆಂಟನನ್ನು ಕೊಂದ ಅಪರಾಧಕ್ಕೆ ತಲಕಾಡಿನಲ್ಲಿ ಸಿಕ್ಕ ಮರಣದಂಡನೆಯಿಂದ. ಬೆಂಕಿ ಹೊಗಲು ಹೊರಟ ಮಗಳನ್ನು ಹೆತ್ತವರು, ಬಂಧುಗಳು ತಡೆಯಲು ಯತ್ನಿಸಿದರು ಎಂಬುದನ್ನೂ ಆ ಶಾಸನ ಮರೆಮಾಚಿಲ್ಲ. ಆ ಯತ್ನ ಕಲ್ಲಿನ ಮೇಲೆ ಉಳಿದದ್ದೇ ದೊಡ್ಡದು. ಕೊನೆಗೆ ಹೊಗಳಿಕೆ ಸಂದದ್ದು ಮಾತ್ರ ತಡೆದವರಿಗಲ್ಲ.

ಇದಕ್ಕೂ ಅರ್ಧ ಶತಮಾನ ಹಿಂದಿನ ಒಂದು ಮನೆಯ ಕತೆಯನ್ನು ಕನ್ನಡ ಓದಿದವರೆಲ್ಲ ಬಲ್ಲರು, ಆದರೆ ಯುದ್ಧದ ಕತೆಯಾಗಿ ಅದನ್ನು ಯಾರೂ ಓದುವುದಿಲ್ಲ. ಚಾಲುಕ್ಯ ತೈಲಪನ ಕಾಲದ ಸೇನಾನಿ ನಾಗದೇವನಿಗೆ ಅಕ್ಕತಂಗಿಯರಿಬ್ಬರು ಹೆಂಡಿರು, ಅತ್ತಿಮಬ್ಬೆ ಮತ್ತು ಗುಂಡಮಬ್ಬೆ. ನಾಗದೇವ ಯುದ್ಧದಲ್ಲಿ ಸತ್ತ. ತಂಗಿ ಗುಂಡಮಬ್ಬೆ ಚಿತೆ ಏರಿದಳು. ಅತ್ತಿಮಬ್ಬೆ ಉಳಿದಳು, ಮಗ ಅಣ್ಣಿಗದೇವನನ್ನು ಬೆಳೆಸಬೇಕಿತ್ತು. ಆಮೇಲೆ ಅವಳು ಮಾಡಿದ್ದು ನಮ್ಮ ನಾಡಿನ ಬಹುಮಂದಿ ದೊರೆಗಳ ಕೈಯಲ್ಲಿ ಆಗದ ಕೆಲಸ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು, ರನ್ನನಿಗೆ ಆಶ್ರಯ ಕೊಟ್ಟಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ರನ್ನನ ಅಜಿತಪುರಾಣ 993ರದು, ಲಕ್ಕುಂಡಿಯ ಶಾಸನ 1007ರದು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ರೂಢಿಯ ಪ್ರಕಾರ ಹೋದಳು, ಒಬ್ಬಳು ಉಳಿದು ಕನ್ನಡ ಸಾಹಿತ್ಯವನ್ನು ಉಳಿಸಿದಳು. ಊರೂರಿನ ಮಾಸ್ತಿಕಲ್ಲುಗಳ ಕೆಳಗೆ ಎಷ್ಟು ಅತ್ತಿಮಬ್ಬೆಯರು ಹೋದರೋ ಎಂದು ಯೋಚಿಸಿದರೆ ಎದೆ ಹಿಂಡುತ್ತದೆ.

ಗಡಿ ಅಷ್ಟು ಗಟ್ಟಿಯಾಗಿರಲಿಲ್ಲ ಎಂಬುದಕ್ಕೂ ಕಲ್ಲಿನದೇ ಸಾಕ್ಷಿ ಇದೆ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಆವರಣದ ಕಂಬವೊಂದು ಕುವರ ಲಕ್ಷ್ಮನ ನೆನಪಿನದು. ಇಮ್ಮಡಿ ಬಲ್ಲಾಳನ ದಂಡನಾಯಕ ಈತ. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಮಾತಿನಂತೆ ತಾನೂ ಪ್ರಾಣ ಬಿಟ್ಟ, ಜೊತೆಗೆ ಅವನ ಲೆಂಕರೂ. ಕಂಬದ ಮೇಲೆ ತಮ್ಮ ಕೊರಳನ್ನು ತಾವೇ ಕತ್ತರಿಸಿಕೊಳ್ಳುವ ವೀರರನ್ನು ಇಂದಿಗೂ ನೋಡಬಹುದು. ಹೀಗೆ ಮಡಿದವರಲ್ಲಿ ಲಕ್ಷ್ಮನ ಹೆಂಡತಿ ಸುಗ್ಗಲದೇವಿಯೂ ಇದ್ದಳು. ಗಂಡನ ಹಿಂದೆ ಬೆಂಕಿಗೆ ಹೋದ ಸತಿಯರ ಸಾಲು ಅವಳದಲ್ಲ, ದೊರೆಗೆ ಕೊಟ್ಟ ಮಾತಿಗೆ ತಲೆಕೊಟ್ಟವರ ಸಾಲು. ಈ ಪದ್ಧತಿ ಭಯಂಕರವಾದದ್ದು, ಅದನ್ನು ಮೆಚ್ಚಲು ನನಗೆ ಸಾಧ್ಯವಿಲ್ಲ. ಆದರೂ ನಿಷ್ಠೆ ಎಂಬುದು ಗಂಡಸಿನದೇ ಸ್ವತ್ತು ಎಂದು ಹೇಳುವವರಿಗೆ ಆ ಕಂಬವನ್ನು ತೋರಿಸಬಹುದು.

ಅರಮನೆಯ ಹೆಣ್ಣುಮಕ್ಕಳಿಗೆ ನಿಯಮವೇ ಬೇರೆ. ಕಲ್ಯಾಣದ ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದವಳು, ಗೋಕಾಗೆಯ ಅಂದರೆ ಇಂದಿನ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಶಾಸನಗಳು ಅವಳನ್ನು ರಣಭೈರವಿ ಎಂದು ಕರೆದವು. ಇಲ್ಲಿ ಕವಿಗೆ ಮಾತು ತಡವರಿಸಲಿಲ್ಲ. ರಾಜವಂಶದಲ್ಲಿ ಹುಟ್ಟು ಲಿಂಗಕ್ಕಿಂತ ಮೇಲು. ದಂಡು ನಡೆಸುವುದು ಆಳುವುದರ ಭಾಗ, ಆಳುವವಳು ಹೆಣ್ಣಾದರೆ ದಂಡೂ ಅವಳದೇ. ಇದನ್ನು ನೋಡಿ ಆ ಕಾಲದಲ್ಲಿ ಹೆಣ್ಣುಗಂಡು ಸಮಾನರಾಗಿದ್ದರು ಎಂದು ಬರೆಯುವವರಿದ್ದಾರೆ. ನಾನು ಒಪ್ಪಲಾರೆ. ಅಕ್ಕಾದೇವಿಯ ದಂಡಿನಲ್ಲಿ ಕಾಲಾಳಾಗಿ ಸಾಯಬೇಕಾದವನು ಹಳ್ಳಿಯ ಗಂಡಸೇ, ಅವನು ಸತ್ತ ಮೇಲೆ ಉಳಿದವಳು ಹಳ್ಳಿಯ ಹೆಂಗಸೇ.

ವಿಜಯನಗರಕ್ಕೆ ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯಸ್ ಅರಮನೆಯೊಳಗಿನ ಹೆಂಗಸರಲ್ಲಿ ಕತ್ತಿಗುರಾಣಿ ಹಿಡಿಯುವವರೂ ಕುಸ್ತಿ ಆಡುವವರೂ ಇದ್ದಾರೆಂದು ಬರೆದ. ಶಸ್ತ್ರ ಹಿಡಿಯಲು ಹೆಂಗಸಿನ ಕೈಗೆ ಬರುವುದಿಲ್ಲ ಎಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ಅದೇ ವರ್ಷ ರಾಯಚೂರಿನಲ್ಲಿ ಕೃಷ್ಣದೇವರಾಯ ದೊಡ್ಡ ಸೇನೆ ಕಟ್ಟಿಕೊಂಡು ಕಾದಿದ. ಕತ್ತಿ ಹಿಡಿದ ಹೆಂಗಸರ ಪಾಲಿಗೆ ಬಂದ ಕಾವಲು ಅಂತಃಪುರದ್ದು.

ಮೈಯ ಬಲದ ವಾದವನ್ನು ಪೂರ್ತಿ ತಳ್ಳಿಹಾಕಲು ನಾನು ಹೊರಟಿಲ್ಲ. ಭಾರದ ಕತ್ತಿ ಬೀಸುವುದು, ಗಟ್ಟಿ ಬಿಲ್ಲು ಸೆಳೆಯುವುದು, ಇವಕ್ಕೆ ತೋಳಬಲ ಬೇಕು. ಸರಾಸರಿಯಲ್ಲಿ ಅದು ಗಂಡಸಿಗೆ ಹೆಚ್ಚು. ಬಸುರು, ಬಾಣಂತನ, ಹಾಲೂಡಿಸುವ ಕಾಲ ಇವೂ ಸುಳ್ಳಲ್ಲ. ಗಂಡಸರು ಸತ್ತ ಊರು ಮತ್ತೆ ತುಂಬಬಹುದು, ಹೆಂಗಸರು ಸತ್ತ ಊರು ತುಂಬುವುದಿಲ್ಲ ಎಂಬ ಲೆಕ್ಕ ಹಿಂದಿನವರ ಮನಸ್ಸಿನಲ್ಲಿ ಇದ್ದಿರಲೂಬಹುದು. ಆದರೆ ಬಲವೇ ನಿಯಮವಾಗಿದ್ದರೆ ಬಲಹೀನ ಗಂಡಸಿಗೆ ವಿನಾಯಿತಿ ಸಿಗಬೇಕಿತ್ತು, ಬಲಶಾಲಿ ಹೆಣ್ಣಿಗೆ ಕರೆ ಬರಬೇಕಿತ್ತು. ಎರಡೂ ಆಗಲಿಲ್ಲ. ಮಗು ಕಣ್ಣು ಬಿಡುವ ಮೊದಲೇ ಪಾಲು ಹಂಚಿಯಾಗಿತ್ತು. ಕೊಡಗಿನಲ್ಲಿ ಗಂಡು ಹುಟ್ಟಿದರೆ ಹರಳು ಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲುಬಾಣ ಮಾಡಿ ಕೂಸಿನ ಕೈಗೆ ಮುಟ್ಟಿಸಿ, ಹೊರಗೆ ಬಂದೂಕಿನಿಂದ ಒಂದು ಗುಂಡು ಹಾರಿಸುವ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದವರು ದಾಖಲಿಸಿದ್ದಾರೆ. ಆ ಕೂಸಿಗೆ ಇನ್ನೂ ಮುಷ್ಟಿ ಬಿಚ್ಚಲು ಬಾರದು. ಊರು ಆಗಲೇ ಅದನ್ನು ಬೇಟೆಗೂ ಯುದ್ಧಕ್ಕೂ ಎತ್ತಿಟ್ಟುಕೊಂಡಿದೆ.

ಕೋಟೆಯ ಕಿಂಡಿ, ದತ್ತುಮಗನ ಪಟ್ಟ

ನಮ್ಮ ವೀರವನಿತೆಯರ ಕತೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಎಲ್ಲದರಲ್ಲೂ ಒಂದು ಖಾಲಿ ಜಾಗ ಕಾಣುತ್ತದೆ. ಅಲ್ಲಿ ಒಬ್ಬ ಗಂಡಸು ಇರಬೇಕಿತ್ತು, ಇಲ್ಲ. ಚಿತ್ರದುರ್ಗದ ಓಬವ್ವನ ಗಂಡ, ಕಾವಲುಗಾರ ಮುದ್ದಹನುಮ, ಊಟಕ್ಕೆ ಕುಳಿತಿದ್ದಾನೆ. ನೀರಿಗೆ ಹೋದವಳು ಕಿಂಡಿಯಲ್ಲಿ ನುಸುಳುವ ಹೈದರಾಲಿಯ ಸೈನಿಕರನ್ನು ಕಂಡು ಒನಕೆ ಎತ್ತುತ್ತಾಳೆ. ಬೆಳವಡಿ ಮಲ್ಲಮ್ಮನ ಗಂಡ ಈಶಪ್ರಭು ಮರಾಠರ ವಿರುದ್ಧದ ಕಾಳಗದಲ್ಲಿ ಬಿದ್ದಿದ್ದಾನೆ. ಕೆಳದಿಯ ಚೆನ್ನಮ್ಮ 1672ರಲ್ಲಿ ಆಳತೊಡಗಿದ್ದು ಗಂಡ ಸೋಮಶೇಖರನಾಯಕ ತೀರಿಕೊಂಡ ಮೇಲೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ದಂಡನ್ನು ಎದುರಿಸಿದಳಲ್ಲ, ಆ ಎದೆಗಾರಿಕೆ ಆವತ್ತೇ ಹುಟ್ಟಿದ್ದೇ? ಮೊದಲೂ ಇತ್ತು. ಖಾಲಿ ಜಾಗ ಸಿಗುವ ತನಕ ಅದನ್ನು ಯಾರೂ ಕೇಳಿರಲಿಲ್ಲ.

ಓಬವ್ವನ ಕತೆ ಬಾಯಿಂದ ಬಾಯಿಗೆ ಬಂದದ್ದು. ಇಡೀ ದುರ್ಗದ ಜನ ಇಷ್ಟು ಕಾಲ ಅದನ್ನು ಹೇಳುತ್ತ ಬಂದಿದ್ದಾರೆ ಎಂಬುದೇ ನನಗೆ ದೊಡ್ಡ ಸಾಕ್ಷಿ. 1779ರಲ್ಲಿ ಕೋಟೆ ಹೈದರನ ಪಾಲಾಯಿತು, ಮದಕರಿನಾಯಕನ ರಾಜ್ಯ ಹೋಯಿತು, ಒನಕೆ ಉಳಿಯಿತು. ಆಯುಧಶಾಲೆಯ ಬೀಗದಕೈ ಅವಳಿಗೆ ಎಂದೂ ಸಿಕ್ಕಿರಲಿಲ್ಲವಾದ್ದರಿಂದ ಭತ್ತ ಕುಟ್ಟುವ ಒನಕೆಯೇ ಆಯುಧವಾಗಬೇಕಾಯಿತು ಎಂಬುದನ್ನು ನಾವು ಪ್ರತಿಮೆ ನಿಲ್ಲಿಸುವಾಗ ಮರೆಯುತ್ತೇವೆ.

ಕಿತ್ತೂರಿನದು ಇನ್ನೂ ಆಳವಾದ ಕತೆ. 1824ರಲ್ಲಿ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ತೆಗೆದುಕೊಂಡ ಹುಡುಗನಿಗೆ ಪಟ್ಟವಿಲ್ಲ ಎಂದಿತು ಕಂಪನಿ ಸರ್ಕಾರ. ಕಿತ್ತೂರಿನ ರಾಣಿ ಚೆನ್ನಮ್ಮ ಒಪ್ಪಲಿಲ್ಲ. ಅದೇ ವರ್ಷ ಅಕ್ಟೋಬರ್ 23ರಂದು ಕಿತ್ತೂರಿನ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ಅವಳು ತೀರಿಕೊಂಡಳು. ಆ ಕಾಲದ ಭಾರತದಲ್ಲಿ ಬ್ರಿಟಿಷರಿಗೆ ಎದುರು ನಿಂತ ಮೊದಮೊದಲ ರಾಣಿಯರಲ್ಲಿ ಒಬ್ಬಳು ಅವಳು, ಝಾನ್ಸಿಗಿಂತ ಮೂರು ದಶಕ ಹಿಂದಿನವಳು. ಅವಳು ಕತ್ತಿ ಹಿಡಿದದ್ದು ಒಬ್ಬ ಗಂಡುಹುಡುಗನ ಹಕ್ಕಿಗಾಗಿ. ಸಂಸ್ಥಾನವನ್ನು ತಾನೇ ಉಳಿಸಬಲ್ಲೆ ಎಂದು ತೋರಿಸಿಕೊಟ್ಟವಳ ಹೆಸರಿನಲ್ಲೇ ಪಟ್ಟವಾಗಲಿ ಎಂದು ಕಂಪನಿಯೂ ಹೇಳಲಿಲ್ಲ, ಕಿತ್ತೂರೂ ಹೇಳಲಿಲ್ಲ.

ಅವಳ ಬಂಟ ಸಂಗೊಳ್ಳಿ ರಾಯಣ್ಣ ಶೇತಸನದಿ. ಅಂದರೆ ಊರಿನ ಕಾವಲಿಗಾಗಿ, ಕರೆದಾಗ ದಂಡಿಗೆ ಹೋಗುವುದಕ್ಕಾಗಿ ಭೂಮಿ ಪಡೆದ ಮನೆತನದವನು. ಅಪ್ಪನಿಂದ ಮಗನಿಗೆ ಹೊಲ, ಹೊಲದ ಜೊತೆ ಕತ್ತಿ. ನೆತ್ತರುಗೊಡಗೆಯ ಕಾಲದಿಂದ ಶೇತಸನದಿಯ ಕಾಲದ ತನಕ ಯುದ್ಧ, ಭೂಮಿ, ಗಂಡುಸಂತಾನ ಮೂರೂ ಒಂದೇ ಹಗ್ಗದಲ್ಲಿ ಹೊಸೆದಿದ್ದವು. ಹೆಣ್ಣು ರಣರಂಗದಿಂದ ಹೊರಗುಳಿದದ್ದಕ್ಕೆ ಅವಳ ತೋಳಿಗಿಂತ ಈ ಹಗ್ಗವೇ ಹೆಚ್ಚು ಕಾರಣ ಎಂಬುದು ನನ್ನ ಗಟ್ಟಿ ನಂಬಿಕೆ. ಭೂಮಿ ಅವಳ ಹೆಸರಿಗೆ ಬರುವುದಿಲ್ಲ ಎಂದಾದರೆ ಭೂಮಿಗಾಗಿ ಸಾಯುವ ಸರದಿಯೂ ಅವಳದಲ್ಲ. ರಾಯಣ್ಣನನ್ನು ಕಂಪನಿಯವರು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನಿಗೂ ಹೆಚ್ಚು ಆಯ್ಕೆಗಳಿರಲಿಲ್ಲ.

ಹೆಂಗಸರೂ ಈ ನಿಯಮವನ್ನು ಕಾಯ್ದರು ಎಂಬುದನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತದೆ. 1914ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್ ಎಂಬ ಊರಿನಲ್ಲಿ ನಿವೃತ್ತ ನೌಕಾಧಿಕಾರಿಯೊಬ್ಬ 30 ಹೆಂಗಸರನ್ನು ಸೇರಿಸಿ, ಸೈನ್ಯಕ್ಕೆ ಸೇರದ ಗಂಡಸರ ಕೈಗೆ ಬಿಳಿ ಗರಿ ಕೊಡಿಸಿದ. ಹೇಡಿ ಎಂಬುದಕ್ಕೆ ಅದು ಗುರುತು. ಅದು ಬೇಗ ದೇಶವಿಡೀ ಹಬ್ಬಿತು. ರಜೆಯಲ್ಲಿ ಊರಿಗೆ ಬಂದ ಸೈನಿಕರೂ ಮಾಮೂಲಿ ಬಟ್ಟೆಯಲ್ಲಿದ್ದ ಕಾರಣ ಗರಿ ಪಡೆದರು. ನಮ್ಮಲ್ಲಿ ಗರಿ ಬೇಕಾಗಲಿಲ್ಲ. ಹೆದರಿದ ಹುಡುಗನಿಗೆ ಬಳೆ ತೊಟ್ಟುಕೋ ಎನ್ನುವ ಮಾತು ನಮ್ಮ ಊರುಗಳಲ್ಲಿ ಈಗಲೂ ಕೇಳುತ್ತದೆ, ಹೆಂಗಸರ ಬಾಯಲ್ಲೂ.

ದೊಡ್ಡ ಯುದ್ಧಗಳು ಬಂದಾಗ, ಗಂಡಸರು ಸಾಲದೆ ಹೋದಾಗ, ಬಾಗಿಲು ತಾನಾಗಿ ತೆರೆಯಿತು. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಸೇನೆಯಲ್ಲಿ ಸುಮಾರು 8 ಲಕ್ಷ ಹೆಂಗಸರು ದುಡಿದರು. ಬರೀ ದಾದಿಯರಾಗಿ ಅಲ್ಲ. ಗುರಿಕಾರರಾಗಿ, ಟ್ಯಾಂಕ್ ಚಾಲಕರಾಗಿ, ವಿಮಾನಗಳ ಪೈಲಟ್‌ಗಳಾಗಿ. ಮರೀನಾ ರಸ್ಕೋವಾ 1941ರಲ್ಲಿ ಕಟ್ಟಿದ ಹೆಂಗಸರ ವಾಯುದಳಗಳಲ್ಲಿ ಒಂದು, ಮರ ಮತ್ತು ಬಟ್ಟೆಯ ಹಗುರ ವಿಮಾನಗಳಲ್ಲಿ ರಾತ್ರಿ ಹಾರಿ ಜರ್ಮನರ ಮೇಲೆ ಬಾಂಬು ಹಾಕಿತು. ಯುದ್ಧ ಮುಗಿದ ವರ್ಷವೇ ಆ ದಳವನ್ನು ವಿಸರ್ಜಿಸಿದರು. ಊರಿಗೆ ಮರಳಿದ ಹೆಣ್ಣುಮಕ್ಕಳನ್ನು ಅನುಮಾನದ ಕಣ್ಣಿನಿಂದ ನೋಡಿದರು. ಗಂಡಸರ ನಡುವೆ ವರ್ಷಗಟ್ಟಲೆ ಇದ್ದು ಬಂದವಳು ಎಂಬ ಚುಚ್ಚುಮಾತು ಕೇಳಬೇಕಾಯಿತು. ಹಲವರು ಪದಕಗಳನ್ನು ಬಚ್ಚಿಟ್ಟರು. ಸ್ವೆತ್ಲಾನಾ ಅಲೆಕ್ಸಿಯೆವಿಚ್ ಅವರ ಬಾಯಿಂದಲೇ ಕೇಳಿ ಬರೆದ ಪುಸ್ತಕ ಹೊರಬಂದದ್ದು 1985ರಲ್ಲಿ, ನಲವತ್ತು ವರ್ಷದ ಮೌನದ ಮೇಲೆ.

ನಮ್ಮ ಕಡೆಯ ಉದಾಹರಣೆ ಇದಕ್ಕಿಂತ ವಿಚಿತ್ರವಾದದ್ದು. 1943ರ ಅಕ್ಟೋಬರಿನಲ್ಲಿ ಸಿಂಗಪುರದಲ್ಲಿ ಸುಭಾಷ್‌ಚಂದ್ರ ಬೋಸರು ಝಾನ್ಸಿ ರಾಣಿ ರೆಜಿಮೆಂಟಿನ ತರಬೇತಿ ಶಿಬಿರ ತೆರೆದರು. ಮುಖ್ಯಸ್ಥೆ ಡಾಕ್ಟರ್ ಲಕ್ಷ್ಮೀ ಸ್ವಾಮಿನಾಥನ್, ಮುಂದೆ ಲಕ್ಷ್ಮೀ ಸೆಹಗಲ್. ಸೇರಿದವರಲ್ಲಿ ಬಹುಮಂದಿ ಮಲಯದ ರಬ್ಬರ್ ತೋಟಗಳಲ್ಲಿ ಕೂಲಿ ಮಾಡುತ್ತಿದ್ದ ತಮಿಳು ಕುಟುಂಬಗಳ ಹುಡುಗಿಯರು. ಹಲವರು ಭಾರತವನ್ನು ಕಣ್ಣಾರೆ ಕಂಡವರೇ ಅಲ್ಲ. ಅವರಿಗೆ ಇಲ್ಲಿ ಹೊಲವಿರಲಿಲ್ಲ, ಅನ್ನದ ಋಣವಿರಲಿಲ್ಲ, ಸ್ವರ್ಗದ ಆಮಿಷವೂ ಇರಲಿಲ್ಲ. ನಮ್ಮ ವೀರಗಲ್ಲುಗಳು ಹೇಳುವ ಯಾವ ಕಾರಣವೂ ಇಲ್ಲದೆ ಅವರು ಕೂದಲು ಕತ್ತರಿಸಿಕೊಂಡು ಬಂದೂಕು ಹಿಡಿಯಲು ಬಂದರು. ಕೂಲಿಯ ಸಾಲಿನಲ್ಲಿ ಬಗ್ಗಿದ್ದ ಬೆನ್ನನ್ನು ಮೊದಲ ಸಲ ನೆಟ್ಟಗೆ ಮಾಡಿ ನಿಲ್ಲುವ ಅವಕಾಶ ಅವರ ಪಾಲಿಗೆ ಅದಾಗಿತ್ತು ಎಂದು ನನಗೆ ತೋರುತ್ತದೆ. ಬರ್ಮಾದ ರಂಗ ಕುಸಿದದ್ದರಿಂದ ರೆಜಿಮೆಂಟನ್ನು ಯುದ್ಧದ ಮುಂಚೂಣಿಗೆ ಇಳಿಸಲಿಲ್ಲ. 1945ರಲ್ಲಿ ರಂಗೂನಿನಿಂದ ಹಿಮ್ಮೆಟ್ಟುವಾಗ ಅವರಲ್ಲಿ ಒಂದು ತಂಡ ಬೋಸರ ಜೊತೆ, ವಿಮಾನದಾಳಿಗೆ ಹೆದರಿ ಹಗಲು ಅಡಗಿ, ರಾತ್ರಿ ನಡೆಯಿತು.

ಸ್ವತಂತ್ರ ಭಾರತ ಹೆಂಗಸರನ್ನು ವೈದ್ಯಕೀಯ ವಿಭಾಗದ ಆಚೆಗೆ ಸೇನಾಧಿಕಾರಿಗಳಾಗಿ ತೆಗೆದುಕೊಂಡದ್ದು 1992ರಿಂದ. ಅದೂ ಕೆಲವು ವರ್ಷಗಳ ಮಟ್ಟಿಗೆ. ಕಾಯಂ ಸೇವೆಗಾಗಿ ನಡೆದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 2020ರ ಫೆಬ್ರುವರಿ 17ರಂದು. ಸೈನಿಕರು ಹೆಚ್ಚಾಗಿ ಹಳ್ಳಿಗಾಡಿನ ಗಂಡಸರು, ಹೆಣ್ಣಿನ ಆಜ್ಞೆಯನ್ನು ಪಾಲಿಸಲು ಅವರ ಮನಸ್ಸು ಇನ್ನೂ ಅಣಿಯಾಗಿಲ್ಲ ಎಂಬುದು ಸರ್ಕಾರದ ಕಡೆಯಿಂದ ಬಂದ ವಾದಗಳಲ್ಲಿ ಒಂದು. ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆ ವಾದ ಹಳ್ಳಿಯ ಗಂಡಸನ್ನೂ ಅವಮಾನಿಸಿತು ಎಂದು ನನಗನಿಸುತ್ತದೆ. ಅಕ್ಕಾದೇವಿಯ ದಂಡಿನಲ್ಲಿ, ಚೆನ್ನಮ್ಮನ ದಂಡಿನಲ್ಲಿ ನಡೆದವನು ಅದೇ ಹಳ್ಳಿಯ ಗಂಡಸು. ಅಲ್ಲಿ ಅವನಿಗೆ ಕಷ್ಟವಾದಂತೆ ಕಾಣುವುದಿಲ್ಲ. ರಾಯಣ್ಣ ರಾಣಿಯ ಹೆಸರಿನಲ್ಲೇ ಗಲ್ಲಿಗೆ ಹೋದ.

ಅಧಿಕಾರಿಗಳದು ಒಂದು ಕತೆಯಾದರೆ ಸಾಮಾನ್ಯ ಸಿಪಾಯಿಗಳದು ಇನ್ನೊಂದು, ಮತ್ತು ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. 2021ರ ಮೇ 8ರಂದು ಬೆಂಗಳೂರಿನ ಸೇನಾ ಪೊಲೀಸ್ ತರಬೇತಿ ಕೇಂದ್ರದಿಂದ 83 ಹೆಣ್ಣುಮಕ್ಕಳು ಸಿಪಾಯಿಗಳಾಗಿ ಹೊರಬಂದರು. ಅಧಿಕಾರಿಯ ದರ್ಜೆಗಿಂತ ಕೆಳಗೆ ಭಾರತೀಯ ಭೂಸೇನೆ ಹೆಂಗಸರನ್ನು ತೆಗೆದುಕೊಂಡದ್ದು ಅದೇ ಮೊದಲು. ಬೇಗೂರಿನ ಶಾಸನ ಬೆಂಗಳೂರ ಕಾಳಗವನ್ನು ದಾಖಲಿಸಿದ ಸಾವಿರದ ನೂರು ವರ್ಷಗಳ ಮೇಲೆ, ಅದೇ ನೆಲದಲ್ಲಿ. ಕೋವಿಡ್ ಕಾಲವಾದ್ದರಿಂದ ಆ ದಿನ ದೊಡ್ಡ ಸಮಾರಂಭವಾಗಲಿಲ್ಲ, ಬೆಂಗಳೂರಿನ ಹೆಚ್ಚಿನವರಿಗೆ ಗೊತ್ತೂ ಆಗಲಿಲ್ಲ. 2025ರ ಮೇ ತಿಂಗಳಿನಲ್ಲಿ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ ಮೊದಲ ತಂಡದ 17 ಹುಡುಗಿಯರು ಹೊರಬಂದರು. ಪದಾತಿ ದಳ, ಟ್ಯಾಂಕ್ ದಳಗಳ ಬಾಗಿಲು ಅವರಿಗೆ ಇನ್ನೂ ತೆರೆದಿಲ್ಲ. ಗಡಿಯ ಕಂದಕದಲ್ಲಿ ಮೊದಲು ಸಾಯಬೇಕಾದವನು ಇಂದಿಗೂ ಗಂಡಸೇ, ಹೆಚ್ಚಾಗಿ ಸಣ್ಣ ಹಿಡುವಳಿಯ ಮನೆಯ ಮಗ. ಹೆಣ್ಣುಮಕ್ಕಳಿಗೆ ಸಿಕ್ಕ ಪ್ರತಿಯೊಂದು ಹೆಜ್ಜೆಯನ್ನು ಕಂಡು ನಾನು ಹಿಗ್ಗುತ್ತೇನೆ. ಆ ಹುಡುಗನಿಗೂ ಸೈನ್ಯದ ಹೊರತು ಇನ್ನೊಂದು ದಾರಿ ಇರಬೇಕು ಎಂಬ ಆಸೆ ಅಷ್ಟೇ ಬಲವಾಗಿದೆ.

ಇನ್ನು ಕಲ್ಲುಗಳ ಮಾತು. ಅವು ಬೇಗ ಬೇಗ ಮಾಯವಾಗುತ್ತಿವೆ. ರಸ್ತೆ ಅಗಲ ಮಾಡುವಾಗ ಹೂತುಹೋಗುತ್ತವೆ, ಮನೆಯ ಪಾಯಕ್ಕೆ ಸೇರುತ್ತವೆ, ಕೆಲವು ಊರುಗಳಲ್ಲಿ ಬಣ್ಣ ಬಳಿಸಿಕೊಂಡು ದೇವರಾಗಿ, ಅಕ್ಷರ ಮುಚ್ಚಿಹೋಗುತ್ತವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಹುಡುಕಿ ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದ್ದಾರೆ. ಅದೇ ಕೆಲಸ ಶಿಕಾರಿಪುರ, ಸೊರಬ, ಹಾನಗಲ್, ಹಿರೇಕೆರೂರು ಕಡೆಯ ಹಳ್ಳಿಗಳಲ್ಲೂ ಆಗಬೇಕು, ಅಲ್ಲಿ ವೀರಗಲ್ಲಿಲ್ಲದ ಊರು ಹುಡುಕುವುದೇ ಕಷ್ಟ. ಪಟ್ಟಿ ಮಾಡುವವರಲ್ಲಿ ನನ್ನದೊಂದು ಬೇಡಿಕೆ. ‘ವೀರಗಲ್ಲು, ಬರಹ ಸವೆದಿದೆ’ ಎಂದು ಬರೆದು ಮುಂದಿನ ಕಲ್ಲಿಗೆ ಹೋಗಬೇಡಿ. ಅಕ್ಷರ ಹೋದರೂ ಶಿಲ್ಪ ಉಳಿದಿರುತ್ತದೆ. ಕೆಳಗಿನ ಹಂತದಲ್ಲಿ ಕಾದುತ್ತಿರುವುದು ಗಂಡೋ ಹೆಣ್ಣೋ, ತುರುಬು ಇದೆಯೇ, ಕೈಯಲ್ಲಿ ಕತ್ತಿಯೋ ನಿಂಬೆಹಣ್ಣೋ, ಪಕ್ಕದಲ್ಲಿ ಬಳೆಯ ಕೈ ಎದ್ದಿದೆಯೇ, ಇಷ್ಟನ್ನು ಒಂದೊಂದು ಕಲ್ಲಿಗೂ ಬೇರೆ ಬೇರೆಯಾಗಿ ಬರೆಯಿರಿ. ಜಿಲ್ಲೆಗೊಂದರಂತೆ ಇಂಥ ಪಟ್ಟಿ ಕೈಗೆ ಬಂದರೆ, ಕನ್ನಡನಾಡಿನಲ್ಲಿ ಕಾದಿದವರು ಯಾರು, ಉರಿದವರು ಯಾರು ಎಂಬುದನ್ನು ಊಹೆ ಬಿಟ್ಟು ಎಣಿಸಿ ಹೇಳಬಹುದು.